ಶಾಲೆಯ ಶಿಸ್ತು ನಡೆದುಬಂದ ದಾರಿ

ಹೈಸ್ಕೂಲು ವಿದ್ಯಾರ್ಥಿಗಳ ನಡತೆ ಮತ್ತು ಶಿಸ್ತನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ನಾನು ಕೊಂಚ ಹಿಂದೆಮುಂದೆ ನೋಡಿದೆ. ಈ ವಿಷಯದಲ್ಲಿ ಉಪದೇಶ ಮಾಡುವುದು ಸುಲಭ. ನಿವೃತ್ತರಾದ ಅಧ್ಯಾಪಕರಿಗಂತೂ ಇನ್ನೂ ಸುಲಭ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಆರಂಭಿಸಿದರಾಯಿತು, ಮಾತು ತಾನೇ ತಾನಾಗಿ ಹರಿಯುತ್ತದೆ. ಆದರೆ ನಮ್ಮ ಕಾಲದಲ್ಲಿ ಹೇಗಿತ್ತೆಂಬುದನ್ನು ನಾನು ಮರೆತಿಲ್ಲ. ಮರೆಯದಿರುವುದಕ್ಕೆ ಒಂದು ಕಾರಣವೂ ಇದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಉಪದೇಶಕ್ಕಿಂತ ಚರಿತ್ರೆ ಮೇಲು ಎಂದುಕೊಂಡು, ಶಾಲೆಯ ಶಿಸ್ತು ನಮ್ಮಲ್ಲಿ ನಡೆದುಬಂದ ದಾರಿಯನ್ನು ಮೊದಲು ಒಂದಿಷ್ಟು ನೋಡೋಣ.

ಕನ್ನಡ ಮೇಷ್ಟರಾದವರು ಪದದಿಂದಲೇ ಹೊರಡಬೇಕಷ್ಟೆ. ಶಿಷ್ಯ, ಶಾಸನ ಎಂಬ ಎರಡು ಮಾತುಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಕಲಿಸುವುದು, ಆಳುವುದು ಎರಡೂ ಆ ಧಾತುವಿನ ಅರ್ಥಗಳೇ. ಶಿಕ್ಷಾ ಎಂದರೆ ಸಂಸ್ಕೃತದಲ್ಲಿ ಕಲಿಕೆ. ಕನ್ನಡದಲ್ಲಿ ‘ಶಿಕ್ಷಣ’ ಕಲಿಕೆಯಾಗಿ ಉಳಿಯಿತು, ‘ಶಿಕ್ಷೆ’ ಏಟಾಯಿತು. ‘ಶಿಸ್ತು’ ಮಾತ್ರ ಈ ಮನೆತನದ್ದಲ್ಲ. ಕಿವಿಗೆ ಇವುಗಳ ಒಡಹುಟ್ಟಿದಂತೆ ಕೇಳಿಸಿದರೂ ಅದು ಕಂದಾಯದ ಕಡತದಿಂದ ನಮ್ಮ ಬಾಯಿಗೆ ಬಂದ ಮಾತು. 1645ರಿಂದ 1660ರವರೆಗೆ ಕೆಳದಿಯನ್ನು ಆಳಿದ ಶಿವಪ್ಪನಾಯಕನು ಭೂಮಿಯನ್ನೆಲ್ಲ ಅಳೆಸಿ, ಬೆಳೆಯನ್ನು ನೋಡಿಸಿ, ತೆರಿಗೆಯನ್ನು ಗೊತ್ತುಮಾಡಿದ ಕ್ರಮಕ್ಕೆ ಶಿಸ್ತು ಎಂದು ಹೆಸರು. ‘ಶಿಸ್ತಿನ ಶಿವಪ್ಪನಾಯಕ’ ಎಂದು ಜನ ಇಂದಿಗೂ ಹೇಳುವುದು ಅವನು ಪ್ರಜೆಗಳನ್ನು ಸಾಲಾಗಿ ನಿಲ್ಲಿಸಿದನೆಂದಲ್ಲ, ಲೆಕ್ಕವನ್ನು ಸರಿಯಾಗಿ ಇಟ್ಟನೆಂದು. ಆ ಲೆಕ್ಕದಲ್ಲಿ ಭೂಮಿಗೆ ಐದು ದರ್ಜೆಗಳಿದ್ದವು: ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ. ಶಾಲೆಯ ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಅಂಕಣವನ್ನು ತುಂಬಿದ ಅನುಭವವುಳ್ಳವರಿಗೆ ಈ ದರ್ಜೆಗಳು ಅಪರಿಚಿತವೆನಿಸಲಾರವು.

ಶಿವಪ್ಪನಾಯಕನಿಗಿಂತ ಸ್ವಲ್ಪ ಹಿಂದೆ, ಅದೇ ನಾಡಿನಲ್ಲಿ, ಇನ್ನೊಂದು ಬಗೆಯ ಶಿಸ್ತು ಒಬ್ಬ ವಿದೇಶೀಯನ ಕಣ್ಣಿಗೆ ಬಿದ್ದಿತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಘಟ್ಟ ಹತ್ತಿ, ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಹೋದನು. ದಾರಿಯಲ್ಲಿ ಒಂದು ದೇವಾಲಯದ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ನಿಂತುಬಿಟ್ಟನು. ನೆಲದ ಮೇಲೆ ನುಣ್ಣನೆಯ ಮರಳು ಹರಡಿದೆ. ಒಬ್ಬನು ರಾಗವಾಗಿ ಒಂದು ಪಾಠವನ್ನು ಹೇಳುತ್ತ ಬೆರಳಿನಿಂದ ಬರೆಯುತ್ತಾನೆ. ಉಳಿದವರು ಅದೇ ರಾಗದಲ್ಲಿ ಹೇಳುತ್ತ ಅದನ್ನೇ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಾರೆ. ಗುರು ಎಲ್ಲಿಯೂ ಇಲ್ಲ. ಮರೆತರೆ ತಿದ್ದುವವರು ಯಾರು ಎಂದು ಆತ ಕೇಳಿದನು. ನಾವು ನಾಲ್ವರೂ ಒಟ್ಟಿಗೇ ಮರೆಯುವುದುಂಟೆ, ಒಬ್ಬನಿಗೆ ಮರೆತರೆ ಇನ್ನೊಬ್ಬನಿಗೆ ನೆನಪಿರುತ್ತದೆ ಎಂಬ ಅರ್ಥದ ಉತ್ತರ ಬಂತು. ಅಲ್ಲಿ ಬೆತ್ತವಿರಲಿಲ್ಲ, ಮಾತು ನಿಲ್ಲಿಸಿ ಎನ್ನುವವರಿರಲಿಲ್ಲ. ಮಾತೇ ಪಾಠ. ಮಾತು ನಿಂತರೆ ಪಾಠವೂ ನಿಂತಂತೆ.

ಹೀಗೆಂದು ನಮ್ಮ ಹಳೆಯ ಶಾಲೆಗಳೆಲ್ಲ ನಂದನವನಗಳಾಗಿದ್ದವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅದೇ ಮರಳಿನ ಹಲಗೆಯ ಪಕ್ಕದಲ್ಲಿ ಏನೇನಿತ್ತೆಂಬುದಕ್ಕೆ ಇನ್ನೂರು ವರ್ಷಗಳ ತರುವಾಯದ ಒಂದು ಒಳ್ಳೆಯ ಸಾಕ್ಷ್ಯ ದೊರೆಯುತ್ತದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಧಿಪತ್ಯದ ದೇಶೀಯ ಶಾಲೆಗಳ ಲೆಕ್ಕವನ್ನು ಜಿಲ್ಲಾ ಕಲೆಕ್ಟರುಗಳಿಂದ ತರಿಸಿಕೊಂಡನು. ಒಟ್ಟು 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಹಲವು ಕಲೆಕ್ಟರುಗಳು ಅಂಕಿಗಳನ್ನು ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ಒಂದು ದೀರ್ಘವಾದ ವರದಿಯನ್ನು ಬರೆದನು. ಇಂದಿನ ಅನಂತಪುರ ಸೀಮೆಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು. ನಮ್ಮ ಹಿರಿಯರ ಕೂಲಿಮಠದ ಒಳಗೆ ಕಾಲಿಟ್ಟಂತೆ ಭಾಸವಾಗುವಷ್ಟು ವಿವರ ಅದರಲ್ಲಿದೆ.

ಬೆಳಗ್ಗೆ ಆರು ಗಂಟೆಗೆ ಮಠ ಆರಂಭ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನ ಕೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆ ಬಂದಂತೆ ಒಂದೊಂದು ಹೆಚ್ಚು. ಮೂವತ್ತು ಹುಡುಗರ ಮಠದಲ್ಲಿ ಕಟ್ಟಕಡೆಯವನ ಗತಿಯನ್ನು ಕೇಳುಗರೇ ಲೆಕ್ಕ ಹಾಕಿಕೊಳ್ಳಬಹುದು. ಮನೆಯಲ್ಲಿ ದನ ಕಟ್ಟಿ, ನೀರು ಹೊತ್ತು ಬರಬೇಕಾದವನು ದಿನವೂ ಕಟ್ಟಕಡೆಯವನಾಗುತ್ತಿದ್ದನೆಂದು ವರದಿಯಲ್ಲಿಲ್ಲ. ಅದು ನನ್ನ ಊಹೆ. ಸೋಮಾರಿಗಳಿಗೆ ಹೊಡೆತ. ಇಲ್ಲವೆ ಎರಡು ಕೈಗಳನ್ನೂ ಕಟ್ಟಿ ಮಾಡಿನಿಂದ ರಾಟೆಯಲ್ಲಿ ತೂಗುಹಾಕುವುದು. ಇದೇ ನಮ್ಮ ಅಜ್ಜಂದಿರು ನಡುಗುತ್ತ ಹೇಳುತ್ತಿದ್ದ ‘ಕೋದಂಡ’. ಇಲ್ಲವೆ ಕೂತು ಏಳುತ್ತಲೇ ಇರುವುದು, ಎಂದರೆ ಬಸ್ಕಿ. ಈ ಕಡೆಯ ಶಿಕ್ಷೆ ಬಹಳ ನೋವಿನದಾದರೂ ಬಹುಶಃ ಆರೋಗ್ಯಕ್ಕೆ ಒಳ್ಳೆಯದೆಂದು ಕ್ಯಾಂಪ್‌ಬೆಲ್ ಸಾಹೇಬನು ಒಂದು ಷರಾ ಬರೆದಿದ್ದಾನೆ. ಬೇರೆಯವರ ಮಕ್ಕಳ ಬಸ್ಕಿಯಲ್ಲಿ ಆರೋಗ್ಯವನ್ನು ಕಾಣುವುದು ಎಲ್ಲ ಕಾಲದ ಅಧಿಕಾರಿಗಳಿಗೂ ಸಾಧ್ಯವಾಗಿದೆ.

ಆದರೆ ಅದೇ ವರದಿಯಲ್ಲಿ ಆತನು ಮನಸ್ಸು ತುಂಬಿ ಹೊಗಳಿದ ಒಂದು ಸಂಗತಿಯೂ ಇದೆ. ಮುಂದೆ ಹೋದ ಹುಡುಗನು ಹಿಂದೆ ಉಳಿದವನಿಗೆ ಕಲಿಸುವ ಪದ್ಧತಿ ಅದು. ಕೆಳಗಿನ ತರಗತಿಗಳನ್ನು ದೊಡ್ಡ ಹುಡುಗರೇ ನೋಡಿಕೊಳ್ಳುತ್ತಾರೆ, ಐಗಳು ಮೇಲಿನವರಿಗೆ ಪಾಠ ಹೇಳುತ್ತಾರೆ. ಈ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಅನುಕರಿಸಿರುವುದು ಯೋಗ್ಯವೇ ಆಗಿದೆ ಎಂದು ಆತನ ಅಭಿಪ್ರಾಯ. ಇಲ್ಲಿಂದ ನಮ್ಮ ಕಥೆ ಸಮುದ್ರ ದಾಟುತ್ತದೆ.

ದಾಟಿಸಿದವನು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. 1787ರಲ್ಲಿ ಮದರಾಸಿಗೆ ಬಂದ ಈತ ಎರಡು ವರ್ಷಗಳ ತರುವಾಯ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಇದ್ದ ಆಶ್ರಮದ ಮೇಲ್ವಿಚಾರಕನಾದನು. ಅಲ್ಲಿನ ಉಪಾಧ್ಯಾಯರಿಂದ ಕೆಲಸ ಸಾಗುತ್ತಿರಲಿಲ್ಲ. ಒಂದು ದಿನ ದೇಶೀಯ ಶಾಲೆಯೊಂದರ ಮುಂದೆ ಹಾದುಹೋಗುವಾಗ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ದೆಲ್ಲಾ ವಾಲ್ಲೆ ಕಂಡ ಅದೇ ಮರಳು! ಬೆಲ್ ಅದನ್ನು ತನ್ನ ಶಾಲೆಗೆ ತಂದನು. ಉಪಾಧ್ಯಾಯರು ಒಪ್ಪಲಿಲ್ಲ. ಕೊನೆಗೆ ಎಂಟು ವರ್ಷದ ಒಬ್ಬ ಹುಡುಗನನ್ನೇ ಕೆಳಗಿನ ತರಗತಿಗೆ ಗುರುವನ್ನಾಗಿ ಮಾಡಿದನು. ಹುಡುಗ ಗೆದ್ದನು. 1796ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಬೆಲ್ ಮರುವರ್ಷ ಲಂಡನ್ನಿನಲ್ಲಿ ಈ ಪ್ರಯೋಗವನ್ನು ಕುರಿತು ಒಂದು ಪುಸ್ತಕ ಅಚ್ಚುಹಾಕಿಸಿದನು. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನೆಲ್ಲ ವ್ಯಾಪಿಸಿತು. ಬೆಲ್‌ನ ಹುಟ್ಟೂರಾದ ಸೇಂಟ್ ಆಂಡ್ರ್ಯೂಸಿನಲ್ಲಿ ಅವನ ದಾನದಿಂದ ಏರ್ಪಟ್ಟ ಪ್ರೌಢಶಾಲೆಗೆ ‘ಮದ್ರಾಸ್ ಕಾಲೇಜು’ ಎಂದೇ ಇಂದಿಗೂ ಹೆಸರು.

ಹೋದದ್ದು ಒಂದು, ಅಲ್ಲಿ ಬೆಳೆದದ್ದು ಇನ್ನೊಂದು. ಬೆಲ್ ಹೊಡೆತವನ್ನು ಮೆಚ್ಚುವವನಲ್ಲ. ಆದ್ದರಿಂದ ಹೊಡೆತದ ಬದಲು ಬರವಣಿಗೆಯನ್ನು ಇಟ್ಟುಕೊಂಡನು. ತಪ್ಪುಗಳನ್ನು ಬರೆದಿಡಲು ‘ಕಪ್ಪು ಪುಸ್ತಕ’ವೊಂದಿತ್ತು, ವಾರಕ್ಕೊಮ್ಮೆ ಅದನ್ನು ತೆರೆದು, ಹುಡುಗರದೇ ಪಂಚಾಯಿತಿಯ ಮುಂದೆ ತಪ್ಪಿತಸ್ಥನ ವಿಚಾರಣೆ ನಡೆಯುತ್ತಿತ್ತು. ಬೆಲ್‌ನ ಪ್ರತಿಸ್ಪರ್ಧಿ ಜೋಸೆಫ್ ಲ್ಯಾಂಕಾಸ್ಟರ್ ಎಂಬವನು ಕ್ವೇಕರ್ ಪಂಥದವನು, ಅವನೂ ಬೆತ್ತದ ವಿರೋಧಿಯೇ. ಆದರೆ ಮಾತನಾಡಿದ ಹುಡುಗನ ಕೊರಳಿಗೆ ಮರದ ತುಂಡನ್ನು ಕಟ್ಟುವುದು, ಬುಟ್ಟಿಯಲ್ಲಿ ಕೂರಿಸಿ ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಎತ್ತುವುದು, ಇವು ಅವನ ಶಾಲೆಯ ಕ್ರಮಗಳು. ನೂರಾರು ಮಕ್ಕಳನ್ನು ಒಬ್ಬನೇ ಮೇಷ್ಟರು ನಡೆಸಬೇಕಾದಲ್ಲಿ ದೊಡ್ಡ ಹುಡುಗನಿಗೆ ಕಲಿಸುವ ಕೆಲಸಕ್ಕಿಂತ ಕಾಯುವ ಕೆಲಸವೇ ಮುಖ್ಯವಾಯಿತು. ಕಲಿಸುವವನಾಗಿ ಹಡಗು ಹತ್ತಿದ ನಮ್ಮ ಕೂಲಿಮಠದ ಹಿರಿಯ ಹುಡುಗ, ಮಾನಿಟರ್ ಎಂಬ ಹೆಸರನ್ನೂ ಕೈಯಲ್ಲಿ ಒಂದು ಪಟ್ಟಿಯನ್ನೂ ಹಿಡಿದು ಹಿಂದಿರುಗಿದನು.

ಹಿಂದಿರುಗಿದ್ದು ಇಂಗ್ಲಿಷ್ ಹೈಸ್ಕೂಲುಗಳ ಜೊತೆಗೆ. 1854ರ ವುಡ್‌ನ ಆಜ್ಞಾಪತ್ರ, 1857ರ ವಿಶ್ವವಿದ್ಯಾನಿಲಯಗಳು, ಮೆಟ್ರಿಕ್ಯುಲೇಷನ್ ಪರೀಕ್ಷೆ, ಇವೆಲ್ಲ ತಿಳಿದ ವಿಷಯ, ನಿಲ್ಲುವುದು ಬೇಡ. ಶಿಸ್ತಿನ ಮಟ್ಟಿಗೆ ಆದದ್ದೇನೆಂದರೆ, ಶಿಕ್ಷೆ ಮಾಡಿನಿಂದ ಇಳಿದು ಮೇಜಿನ ಮೇಲೆ ಬಂತು. ಕೋದಂಡ ಹೋಯಿತು, ಹಾಜರಿ ಪುಸ್ತಕ, ದಂಡ, ನಡತೆಯ ಪತ್ರ ಬಂದವು. ಕೋದಂಡದಿಂದ ಸಂಜೆಯ ಹೊತ್ತಿಗಾದರೂ ಇಳಿಸುತ್ತಿದ್ದರು. ಕಾಗದದ ಮೇಲೆ ಏರಿದವನು ಇಳಿಯುವುದು ಕಷ್ಟ.

ಇದಕ್ಕೆ ಉದಾಹರಣೆಯಾಗಿ ರಾಜಕೋಟೆಯ ಹೈಸ್ಕೂಲಿನ ಒಬ್ಬ ವಿದ್ಯಾರ್ಥಿಯ ಪ್ರಸಂಗವನ್ನು ನೆನೆಯಬಹುದು. ಹೆಡ್ಮಾಸ್ಟರ್ ದೊರಾಬ್ಜಿ ಎದುಲ್ಜಿ ಗಿಮಿ ಅವರು ಮೇಲಿನ ತರಗತಿಯವರಿಗೆ ಅಂಗಸಾಧನೆಯನ್ನು ಕಡ್ಡಾಯ ಮಾಡಿದ್ದರು. ಈ ಹುಡುಗನಿಗೆ ಶಾಲೆ ಬಿಟ್ಟೊಡನೆ ಕಾಯಿಲೆಯಲ್ಲಿದ್ದ ತಂದೆಯ ಶುಶ್ರೂಷೆ. ಒಂದು ಶನಿವಾರ ಮೋಡ ಕವಿದಿತ್ತು, ಮನೆಯಲ್ಲಿ ಗಡಿಯಾರವಿರಲಿಲ್ಲ. ಹುಡುಗ ಮೈದಾನಕ್ಕೆ ಬರುವಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ಮರುದಿನ ಹಾಜರಿ ಪುಸ್ತಕ ನೋಡಿದ ಹೆಡ್ಮಾಸ್ಟರು ಕಾರಣ ಕೇಳಿದರು. ಇದ್ದದ್ದನ್ನು ಹೇಳಿದನು. ಅವರು ನಂಬಲಿಲ್ಲ. ಒಂದೆರಡು ಆಣೆ ದಂಡ. ದಂಡಕ್ಕಲ್ಲ, ಸುಳ್ಳುಗಾರನೆನಿಸಿಕೊಂಡದ್ದಕ್ಕೆ ಆ ಹುಡುಗ ಅತ್ತನು. ನಡುವಯಸ್ಸು ಮೀರಿದ ಮೇಲೆ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಈ ಸಂಗತಿಯನ್ನು ಬರೆಯುತ್ತಾರೆ, ದಂಡ ಕೊನೆಗೆ ಮಾಫಿಯಾಯಿತೆಂದು ಮಸುಕಾದ ನೆನಪು ಎನ್ನುತ್ತಾರೆ. ಮಾಫಿಯಾದದ್ದರ ನೆನಪು ಮಸುಕು, ಅತ್ತದ್ದರ ನೆನಪು ಸ್ಪಷ್ಟ. ಅವರು ಮೆಟ್ರಿಕ್ಯುಲೇಷನ್ನಿಗೆ ಕೂತ 1887ರ ಕೊನೆಯಲ್ಲಿಯೇ ಭಾರತ ಸರ್ಕಾರವು ಶಾಲಾಕಾಲೇಜುಗಳ ಶಿಸ್ತು ಮತ್ತು ನೈತಿಕ ಶಿಕ್ಷಣವನ್ನು ಕುರಿತು ಒಂದು ನಿರ್ಣಯವನ್ನು ಹೊರಡಿಸಿತೆಂಬುದು ಒಂದು ಕಾಕತಾಳೀಯ.

ಸರ್ಕಾರಕ್ಕೆ ಮಕ್ಕಳ ನಡತೆಯ ಚಿಂತೆ ಏಕೆ ಹತ್ತಿತೆಂಬುದು ವಂಗಭಂಗದ ವರ್ಷ ಬಯಲಾಯಿತು. 1905ರ ಅಕ್ಟೋಬರಿನಲ್ಲಿ ಬಂಗಾಳದ ಮುಖ್ಯ ಕಾರ್ಯದರ್ಶಿ ಕಾರ್ಲೈಲ್ ಒಂದು ಸುತ್ತೋಲೆ ಕಳುಹಿಸಿದನು: ವಿದ್ಯಾರ್ಥಿಗಳು ಸ್ವದೇಶಿ ಚಳವಳಿಗೆ ಇಳಿದರೆ ಆ ಶಾಲೆಗಳು ಸರ್ಕಾರದ ಸಹಾಯಧನವನ್ನು ಕಳೆದುಕೊಳ್ಳಬೇಕಾಗುತ್ತದೆ. ರಂಗಪುರದಲ್ಲಿ ಹುಡುಗರಿಗೆ ದಂಡ ಬಿತ್ತು. ತಂದೆತಾಯಿಗಳು ದಂಡ ತೆರುವ ಬದಲು ಮಕ್ಕಳನ್ನು ಬಿಡಿಸಿ ಅಲ್ಲಿಯೇ ಒಂದು ರಾಷ್ಟ್ರೀಯ ಶಾಲೆಯನ್ನು ತೆರೆದರು. ಇದಕ್ಕಿಂತ ಸ್ವಾರಸ್ಯವಾದದ್ದು ಸಿರಾಜ್‌ಗಂಜಿನ ಕಥೆ. ಅಲ್ಲಿನ ಎರಡು ಹೈಸ್ಕೂಲುಗಳ ಹುಡುಗರು ಶಿಸ್ತು ಮೀರಿದರೆಂದು ಪೂರ್ವಬಂಗಾಳದ ಲೆಫ್ಟಿನೆಂಟ್ ಗವರ್ನರ್ ಫುಲ್ಲರ್, ಆ ಎರಡು ಶಾಲೆಗಳ ಮಾನ್ಯತೆಯನ್ನೇ ಕಿತ್ತುಹಾಕಬೇಕೆಂದು ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ ಬರೆದನು. ಅದನ್ನು ಹಿಂತೆಗೆದುಕೊಳ್ಳುವುದು ಮೇಲೆಂದು ವೈಸರಾಯ್ ಮಿಂಟೋನ ಸರ್ಕಾರ ಸೂಚಿಸಿತು. ಹಿಂತೆಗೆಯುವುದಿಲ್ಲ, ಬೇಕಾದರೆ ನನ್ನ ರಾಜೀನಾಮೆ ಇದೆ ಎಂದನು ಫುಲ್ಲರ್. 1906ರ ಆಗಸ್ಟಿನಲ್ಲಿ ರಾಜೀನಾಮೆ ಅಂಗೀಕಾರವಾಯಿತು. ಹೈಸ್ಕೂಲು ಹುಡುಗರಿಗೆ ಶಿಸ್ತು ಕಲಿಸಲು ಹೊರಟು ಗವರ್ನರ್‌ಗಿರಿಯನ್ನೇ ಕಳೆದುಕೊಂಡ ಇನ್ನೊಬ್ಬ ನನಗೆ ಗೊತ್ತಿಲ್ಲ.

ನಮ್ಮ ಮೈಸೂರಿನಲ್ಲಿ ಬೆಲೆ ತೆತ್ತವನು ವಿದ್ಯಾರ್ಥಿಯೇ. ದೇಶ ಸ್ವತಂತ್ರವಾಗಿಯೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಾರದಿದ್ದ 1947ರ ಸೆಪ್ಟೆಂಬರಿನಲ್ಲಿ, ಚಳವಳಿಗಾರರ ಮೇಲೆ ಹಾರಿಸಿದ ಗುಂಡಿಗೆ ರಾಮಸ್ವಾಮಿ ಎಂಬ ಹೈಸ್ಕೂಲು ಹುಡುಗ ಬಲಿಯಾದನು. ಆ ದಿನ ಅವನು ತರಗತಿಯಲ್ಲಿ ಇರಬೇಕಾಗಿತ್ತು, ಇರಲಿಲ್ಲ. ಇಂದು ಮೈಸೂರಿನ ಒಂದು ದೊಡ್ಡ ವೃತ್ತಕ್ಕೆ ಅವನ ಹೆಸರಿದೆ. ಸಮವಸ್ತ್ರದ ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆ ಸೇರಬೇಕೆಂದು ಅದನ್ನು ಸುತ್ತಿಹೋಗುತ್ತಾರೆ.

ಸ್ವಾತಂತ್ರ್ಯದ ನಂತರದ ಕಥೆ ಹೆಚ್ಚಾಗಿ ಆಯೋಗಗಳದು, ನ್ಯಾಯಾಲಯಗಳದು. 1952ರಲ್ಲಿ ನೇಮಕವಾಗಿ 1953ರಲ್ಲಿ ವರದಿಯೊಪ್ಪಿಸಿದ ಲಕ್ಷ್ಮಣಸ್ವಾಮಿ ಮುದಲಿಯಾರರ ಪ್ರೌಢಶಿಕ್ಷಣ ಆಯೋಗವು, ನಡತೆಯ ನಿಯಮಗಳನ್ನು ರೂಪಿಸುವ ಹೊಣೆಯಲ್ಲಿ ವಿದ್ಯಾರ್ಥಿಗಳಿಗೇ ಪಾಲು ಕೊಡಬೇಕೆಂದು ಹೇಳಿತು. ಸಲಹೆ ಒಳ್ಳೆಯದೇ. ನಮ್ಮ ಶಾಲೆಗಳು ಅದರಿಂದ ಮಾನಿಟರನನ್ನೂ ಶಾಲಾ ನಾಯಕನನ್ನೂ ಉಳಿಸಿಕೊಂಡವು, ನಿಯಮ ಮಾಡುವ ಹಕ್ಕನ್ನು ಹೆಡ್ಮಾಸ್ಟರ ಬೀರುವಿನಲ್ಲಿಯೇ ಬಿಟ್ಟವು. 1985ರಲ್ಲಿ ಕೇರಳದ ಒಂದು ಹೈಸ್ಕೂಲಿನಿಂದ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಿದರು. ರಾಷ್ಟ್ರಗೀತೆಯ ಹೊತ್ತಿನಲ್ಲಿ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ಮತಶ್ರದ್ಧೆಯ ಕಾರಣದಿಂದ ಹಾಡುತ್ತಿರಲಿಲ್ಲ. ಅವರ ನಡತೆಯಲ್ಲಿ ದೋಷವಿದೆಯೆಂದು ಯಾರೂ ಹೇಳಿರಲಿಲ್ಲ. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿತು. ಬೆತ್ತಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ನು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಆ ಕಾಯಿದೆ ಬರೆದದ್ದು ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗಾಗಿ. ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಕೂರುವವರು ಬಹುಪಾಲು ಆ ಗೆರೆಯನ್ನು ದಾಟಿರುತ್ತಾರೆ. ಹದಿನೈದು ವರ್ಷದವನಿಗೆ ನೋವು ಕಡಮೆಯೆಂದು ಕಾಯಿದೆಯೇನೂ ಹೇಳಿಲ್ಲ, ನಿಜ.

ಇನ್ನು ನಾನು ಹೇಳುತ್ತೇನೆಂದ ಮಾತು.

1974ರಲ್ಲಿ ನಾನು ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ತರಗತಿಯ ಮಾನಿಟರ್ ನಾನೇ. ಅಕ್ಷರ ಗುಂಡಾಗಿದ್ದವು, ಹೇಳಿದ ಮಾತು ಕೇಳುತ್ತಿದ್ದೆ. ಬೇರೆ ಅರ್ಹತೆ ಏನೂ ಇರಲಿಲ್ಲ. ಮೇಷ್ಟರು ಬಾರದ ಅವಧಿಯಲ್ಲಿ ಕರಿಹಲಗೆಯ ಬಲಮೂಲೆಯಲ್ಲಿ ‘ಮಾತನಾಡಿದವರು’ ಎಂದು ಬರೆದು ಗೆರೆ ಎಳೆಯುವುದು ನನ್ನ ಕೆಲಸ. ಮಾತನಾಡಿದವನ ಹೆಸರು ಅದರ ಕೆಳಗೆ. ಮತ್ತೆ ಮಾತನಾಡಿದರೆ ಹೆಸರಿನ ಮುಂದೆ ಒಂದು ಕತ್ತರಿ ಗುರುತು. ಗುರುತಿಗೊಂದು ಏಟು. ಸೀಮೆಸುಣ್ಣ ಕೈಯಲ್ಲಿದ್ದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಈಗ ನೆನೆದರೆ ಸಂಕೋಚವಾಗುತ್ತದೆ, ಆಗ ಸಂಕೋಚವಿರಲಿಲ್ಲ.

ಅಂದು ಗಣಿತದ ಅವಧಿ. ಮೂರನೆಯ ಬೆಂಚಿನಲ್ಲಿ ಒಬ್ಬ ದರ್ಜಿಯ ಮಗ ಕೂರುತ್ತಿದ್ದನು. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದು. ಅವನು ಪಕ್ಕದವನ ಕಡೆ ಬಾಗಿ ಪಿಸುಗುಟ್ಟುತ್ತಿದ್ದನು. ಹೆಸರು ಬರೆದೆ. ತಲೆಯೆತ್ತಿ ನನ್ನನ್ನು ನೋಡಿದನು, ಮತ್ತೆ ಬಾಗಿದನು. ಗುರುತು. ಮತ್ತೊಂದು. ಮೂರಾದವು. ಹೆಡ್ಮಾಸ್ಟರು ಬಂದರು, ಹಲಗೆ ನೋಡಿದರು, ಏನು ಮಾತೆಂದು ಕೇಳಲಿಲ್ಲ, ಕೇಳುವ ಪದ್ಧತಿಯೇ ಇರಲಿಲ್ಲ. ಅವನೂ ಹೇಳಲಿಲ್ಲ. ಮೂರು ಏಟು ತಿಂದು, ಅಂಗೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತನು. ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಮೂರು ಏಟಿಗೆ ಯಾರೂ ಶಾಲೆ ಬಿಡುವುದಿಲ್ಲ, ಮನೆಯಲ್ಲಿ ಕಷ್ಟವಿತ್ತು, ಅಂಗಡಿಯಲ್ಲಿ ಕೈ ಬೇಕಾಗಿತ್ತು, ಎಂದೆಲ್ಲ ನಾನೇ ನನಗೆ ಹೇಳಿಕೊಂಡೆ. ಅದೂ ನಿಜವೇ ಇರಬಹುದು. ಆದರೆ ಪಕ್ಕದಲ್ಲಿ ಕೂತಿದ್ದವನು ಪರೀಕ್ಷೆ ಮುಗಿದ ಮೇಲೆ ಒಂದು ದಿನ ನನಗೆ ಹೇಳಿದನು: ಆ ಅವಧಿಯಲ್ಲಿ ಅವನು ನನಗೆ ಅಪವರ್ತನ ಹೇಳಿಕೊಡುತ್ತಿದ್ದ, ಅದೊಂದು ಲೆಕ್ಕದಿಂದ ನಾನು ಪಾಸಾದೆ.

ಘಟ್ಟದ ಮೇಲಿನ ದೇವಾಲಯದಲ್ಲಿ ರಾಗವಾಗಿ ಲೆಕ್ಕ ಹೇಳುತ್ತಿದ್ದ ಆ ನಾಲ್ವರನ್ನು ಕುರಿತು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿ ಪಾಠ ಹೇಳತೊಡಗಿದ ನಂತರ. ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಿವೃತ್ತನಾದ ಮೇಲೆ ಆ ಹೈಸ್ಕೂಲಿನವರು ಒಂದು ಸಮಾರಂಭಕ್ಕೆ ಕರೆದಿದ್ದರು. ಹಾರ, ಭಾಷಣ ಎಲ್ಲ ಆದವು. ಹೊರಡುವ ಮುನ್ನ ಹಳೆಯ ದಾಖಲಾತಿ ಪುಸ್ತಕವನ್ನು ನೋಡಬಹುದೇ ಎಂದು ಕೇಳಿದೆ. ನನ್ನ ಹೆಸರನ್ನು ನೋಡಲು ಕೇಳುತ್ತಿದ್ದೇನೆಂದು ಭಾವಿಸಿ ಗುಮಾಸ್ತನು ಬಹಳ ಸಂತೋಷದಿಂದ ತಂದುಕೊಟ್ಟನು. ನನ್ನ ಹೆಸರಿನಿಂದ ಏಳನೆಯ ಸಾಲಿನಲ್ಲಿ ಅವನ ಹೆಸರಿತ್ತು. ಶಾಲೆ ಬಿಟ್ಟ ಕಾರಣ: ಸತತ ಗೈರುಹಾಜರಿ. ನಡತೆ: ಉತ್ತಮ. ನನ್ನ ಸಾಲಿನಲ್ಲಿಯೂ ನಡತೆಯ ಅಂಕಣದಲ್ಲಿ ಅದೇ ಮಾತು, ಅದೇ ಹೆಡ್ಮಾಸ್ಟರ ಕೈಬರಹದಲ್ಲಿ.